ಮುಂದೆ ಕೂತವಳ ಭುಜ

ಫೆಬ್ರವರಿ ೧೧

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದಕಿದ ಹಾಗಿದೆ. ದಿನಾ ನಾಲ್ಕು ಸಾಲು ಬರೆದು ಈ ಕೈ ಪಳಗಿಸಬೇಕಂತೆ. "ಏನು ಬರೀಲಿ?" ಅಂದರೆ, "ಏನಾದ್ರೂ ಬರೀರಿ, ನಾನೇನು ಓದಲ್ಲ" ಅಂದರು ಕಸರತ್ತು ಮಾಡಿಸುವ ಮೇಡಂ. ನಾಲ್ಕು ಸಾಲಾಯಿತು. ಸಾಕು.

ಫೆಬ್ರವರಿ ೧೩

ಅಮ್ಮ ಚಮಚ ಹಿಡಿದು ಬಾಯಿಗಿಡಲು ಬಂದಳು. "ನಲವತ್ಮೂರು ವರ್ಷದ ಕತ್ತೆಗೆ ತುತ್ತಿಡ್ತೀಯಾ?" ಎಂದು ರೇಗಿದೆ. ಆಮೇಲೆ ಅರ್ಧ ಊಟ ಮಡಿಲಿಗೆ ಚೆಲ್ಲಿಕೊಂಡೆ. ಅವಳೇ ಒರೆಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ ೨೦

ಆಪರೇಷನ್ ಆಗಿ ಆರು ವಾರ. ಇವತ್ತು ನರದ ಡಾಕ್ಟರು ಚಿತ್ರ ಬರೆದು ತೋರಿಸಿದರು. ಕುತ್ತಿಗೆಯಿಂದ ಬಲಗೈಗೆ ಇಳಿಯುವ ಐದು ನರಗಳು ಬೇರುಸಮೇತ ಕಿತ್ತು ಬಂದಿವೆ. ರಸ್ತೆಗೆ ಬಿದ್ದಾಗ ಭುಜ ಒಂದು ಕಡೆಗೆ, ತಲೆ ಇನ್ನೊಂದು ಕಡೆಗೆ ಎಳೆದದ್ದಕ್ಕೆ ಹೀಗಾಗಿದೆ. ಅವನ್ನು ಮತ್ತೆ ನೆಡಲು ಬರುವುದಿಲ್ಲ. ಅದಕ್ಕೇ ಪಕ್ಕೆಲುಬುಗಳ ಸಂದಿಯಲ್ಲಿ ಉಸಿರಾಟಕ್ಕೆ ದುಡಿಯುವ ಮೂರು ನರಗಳನ್ನು ತಂದು ತೋಳಿನ ಸ್ನಾಯುವಿಗೆ ಜೋಡಿಸಿದ್ದಾರೆ. ಹಳೇ ಕೋಟಿನ ಅಸ್ತರು ಬಿಚ್ಚಿ ಜೇಬು ಹೊಲಿಯುವ ಉಪಾಯ. ನಮಗೂ ಗೊತ್ತಿರುವುದೇ.

"ಬೆರಳಿಗೆ ಹಿಡಿತ ಬರಲ್ಲ, ಸುಳ್ಳು ಹೇಳಲ್ಲ," ಅಂದರು ಡಾಕ್ಟರು. "ಆದ್ರೆ ಮೊಣಕೈ ಮಡಚೋಕೆ ಬರಬಹುದು. ಮೊದಮೊದಲು ನೀವು ಉಸಿರು ಎಳ್ಕೊಂಡಾಗ, ಕೆಮ್ಮಿದಾಗ, ಸೀನಿದಾಗ ಕೈ ತಾನೇ ಎದ್ದು ಬರುತ್ತೆ. ಹೆದರ್ಕೋಬೇಡಿ."

"ಯಾವಾಗ?"

"ನರ ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತೆ. ನೀವೇ ಲೆಕ್ಕ ಹಾಕಿ."

ದಿನಕ್ಕೆ ಒಂದು ಮಿಲಿಮೀಟರ್! ನನ್ನ ಸೀಮೆಸುಣ್ಣದ ಗೆರೆ ಅದಕ್ಕಿಂತ ದಪ್ಪ. ಇಪ್ಪತ್ತೆರಡು ವರ್ಷ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿದವಳು ನಾನು. ಕತ್ತರಿಸುವುದು ನಾನು, ಹೊಲಿಯುವುದು ಅಕ್ಕ. ಕೆಳಗೆ ಅಂಗಡಿ, ಮೇಲೆ ಮನೆ. ಮೊಣಕೈ ಮಡಚಲು ಬಂದರೆ ಬಲತೋಳನ್ನು ಬಟ್ಟೆಯ ಮೇಲೆ ಊರಿ ಎಡಗೈಯಲ್ಲಿ ಕತ್ತರಿ ಆಡಿಸಬಹುದು. ಬಾರದಿದ್ದರೆ ಬಟ್ಟೆ ಜಾರುತ್ತದೆ, ಅಂಗಡಿ ಮುಚ್ಚುತ್ತದೆ. ಬೇರೆ ಕೆಲಸ ನನಗೆ ಬರುವುದಿಲ್ಲ.

ಅಕ್ಕನ ವಿಷಯ ಇಲ್ಲಿ ಬರೆಯಬಾರದು ಅಂದುಕೊಂಡಿದ್ದೆ. ಬರೆದಾಯಿತು. ನವೆಂಬರಿನಿಂದ ಅವಳಿಲ್ಲ. ಸ್ಕೂಟರ್ ಓಡಿಸುತ್ತಿದ್ದವಳು ಅವಳು, ಹಿಂದೆ ಕೂತವಳು ನಾನು. ಮುಂದಿದ್ದ ಲಾರಿ ದಿಢೀರನೆ ನಿಂತಿತು. ಎಲ್ಲರಿಗೂ ಹಾಗೇ ಹೇಳಿದ್ದೇನೆ.

ಮಾರ್ಚ್ ೫

ಉರಿ, ಉರಿ, ಉರಿ. ಸೂಜಿ ಚುಚ್ಚಿದರೂ ತಿಳಿಯದ ಕೈ ಹೀಗೆ ಹೇಗೆ ಉರಿಯುತ್ತದೋ! ಕಣ್ಣಿಗೆ ಕಾಣುವ ಕೈ ಕೊರಳಿನ ಜೋಲಿಯಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿದೆ. ನನಗೆ ಗೊತ್ತಾಗುವ ಕೈ ಅದಲ್ಲ. ಅದು ಮುಂದಕ್ಕೆ ಚಾಚಿದೆ. ಬೆರಳುಗಳು ಏನನ್ನೋ ಬಿಗಿಯಾಗಿ ಹಿಡಿದಿವೆ, ಬಿಡಿಸಲು ಆಗುತ್ತಿಲ್ಲ.

ಮೇಡಂಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಎಷ್ಟೋ ಜನಕ್ಕೆ ಹೀಗಾಗುತ್ತೆ. ಏಟು ಬಿದ್ದ ಕ್ಷಣ ಕೈ ಹೇಗಿತ್ತೋ ಇನ್ನೂ ಹಾಗೇ ಇದೆ ಅಂತ ಮಿದುಳು ನಂಬ್ಕೊಂಡಿರುತ್ತೆ. ಆಗ ಕೈಯಲ್ಲಿ ಏನಾದ್ರೂ ಹಿಡ್ಕೊಂಡಿದ್ರಾ?"

"ಇಲ್ಲ" ಅಂದೆ. ಯಾಕೆ ಹಾಗಂದೆನೋ.

ಮಾರ್ಚ್ ೬

ಹಿಡಿದುಕೊಂಡಿದ್ದೆ. ಅಕ್ಕನ ಬಲಭುಜ.

ಈಗಲೂ ಕೈಯಲ್ಲಿದೆ. ಇದು ನೆನಪಲ್ಲ, ನೆನಪು ಹೇಗಿರುತ್ತದೆ ಅಂತ ನನಗೆ ಗೊತ್ತು. ಹೆಬ್ಬೆರಳ ಕೆಳಗೆ ಕಾಲರಿನ ಬುಡ, ನಡುಬೆರಳ ಕೆಳಗೆ ಭುಜದ ಹೊಲಿಗೆ. ಆ ಜಾಕೆಟ್ ಕತ್ತರಿಸಿದವಳು ನಾನೇ. ಮಷೀನಿನ ಮುಂದೆ ಬಾಗಿ ಕೂತು ಅವಳ ಭುಜ ಮುಂದಕ್ಕೆ ಬಂದಿದೆಯೆಂದು ಹೊಲಿಗೆಯನ್ನು ಕಾಲಿಂಚು ಹಿಂದಕ್ಕೆ ಸರಿಸಿದ್ದೆ. ಆ ಕಾಲಿಂಚೂ ಬೆರಳಿಗೆ ಸಿಗುತ್ತಿದೆ. ಬಟ್ಟೆಯ ಕೆಳಗೆ ಮೂಳೆ. ಬೆಚ್ಚಗಿದೆ. ಏರುತ್ತದೆ, ಇಳಿಯುತ್ತದೆ. ಗಡಿಯಾರ ಇಟ್ಟುಕೊಂಡು ಎಣಿಸಿದೆ. ನಿಮಿಷಕ್ಕೆ ಹದಿನಾಲ್ಕು ಸಲ. ನನ್ನ ಉಸಿರು ಹತ್ತೊಂಬತ್ತು.

ಮಾರ್ಚ್ ೨೪

ಆಸ್ಪತ್ರೆಯಿಂದ ಬಸ್ಸಿನಲ್ಲಿ ಬಂದೆ. ಎಲ್ಲಕ್ಕಿಂತ ಮುಂದಿನ ಸೀಟು ನೋಡಿ ಕೂತೆ, ಎದುರಿಗೆ ಖಾಲಿ ಜಾಗ ಇರುತ್ತದೆ. ನಡುವೆ ಒಬ್ಬ ದಪ್ಪ ಮನುಷ್ಯ ಹತ್ತಿ ಸರಿಯಾಗಿ ಅಲ್ಲೇ, ನನಗೆ ಬೆನ್ನು ಮಾಡಿ ನಿಂತ. ಭುಜ ಕೈಯಲ್ಲೇ ಅಪ್ಪಚ್ಚಿಯಾದ ಹಾಗಾಯಿತು. "ರೀ, ಕಣ್ಣು ಕಾಣಲ್ವಾ? ಅಲ್ಲಿ ಜನ ಇದಾರೆ!" ಎಂದು ಕಿರುಚಿಬಿಟ್ಟೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅವನು ಪಾಪ, ಖಾಲಿ ಜಾಗ ನೋಡಿ, ನನ್ನ ಜೋಲಿ ನೋಡಿ, "ಸಾರಿ ಮೇಡಂ" ಎಂದು ಹಿಂದಕ್ಕೆ ಹೋದ.

ನಗು ಬಂತು. ಕೈಯಲ್ಲಿದ್ದ ಭುಜವೂ ಕುಲುಕಿತು. ಅಕ್ಕ ಸದ್ದಿಲ್ಲದೆ ನಗುವುದು ಹಾಗೇ.

ಏಪ್ರಿಲ್ ೯

ಮೇಡಂ ಒಂದು ಪೆಟ್ಟಿಗೆ ತಂದಿದ್ದರು. ನಡುವೆ ನಿಲ್ಲಿಸಿದ ಕನ್ನಡಿ. ಸತ್ತ ಕೈ ಕನ್ನಡಿಯ ಹಿಂದೆ, ಎಡಗೈ ಮುಂದೆ. ಕನ್ನಡಿಯೊಳಗೆ ನೋಡಿದರೆ ಎಡಗೈಯೇ ಬಲಗೈ ಆಗಿ ಕಾಣುತ್ತದೆ. "ಎಡಗೈ ಮುಷ್ಟಿ ಮಾಡಿ, ನಿಧಾನಕ್ಕೆ ಬಿಡಿಸಿ. ಬಲಗೈಯೂ ಬಿಡ್ತಿದೆ ಅಂತ ಮಿದುಳಿಗೆ ಮೋಸ ಮಾಡೋಣ. ಬಿಟ್ರೆ ಉರಿ ಹೋಗುತ್ತೆ."

ಕಿರುಬೆರಳು ಬಿಡಿಸಿದೆ. ದೇವರಾಣೆ, ಕನ್ನಡಿಯಾಚೆಯ ಕಿರುಬೆರಳೂ ಬಿಟ್ಟಿತು. ಅದರ ಉರಿ ಪಕ್ಕನೆ ಆರಿತು. ಐದು ತಿಂಗಳಲ್ಲಿ ಮೊದಲ ಸಲ. ಉಂಗುರದ ಬೆರಳು ಬಿಡಿಸಹೊರಟೆ, ಭುಜ ಜಾರತೊಡಗಿತು. ಹಿಡಿತ ತಪ್ಪಿ ಎಲ್ಲಿಗೋ ಇಳಿದುಹೋಗುವ ಹಾಗೆ. ಗಬಕ್ಕನೆ ಮುಷ್ಟಿ ಬಿಗಿದೆ.

"ಏನಾದ್ರೂ ಆಯ್ತಾ?"

"ಏನೂ ಇಲ್ಲ. ಮಕ್ಕಳಾಟ ಇದು."

ಅವರ ಮುಖ ಸಪ್ಪಗಾಯಿತು. ಒಳ್ಳೆಯ ಹೆಂಗಸು. ಸುಳ್ಳು ಹೇಳಿದ್ದಕ್ಕೆ ಬೇಸರವಿದೆ, ಹೇಳದೆ ಬೇರೆ ದಾರಿ ಇರಲಿಲ್ಲ.

ಮೇ ೬

ಎಡಗೈಯವರ ಕತ್ತರಿ ಬಂದಿದೆ. ಮಾಮೂಲಿ ಕತ್ತರಿ ಎಡಗೈಗೆ ಬಗ್ಗುವುದಿಲ್ಲ, ಅಲಗು ಬಾಯಿಬಿಟ್ಟು ಬಟ್ಟೆಯನ್ನು ಅಗಿಯುತ್ತದೆ. ಈ ಎರಡು ತಿಂಗಳು ಎಷ್ಟು ಬಟ್ಟೆ ಹಾಳು ಮಾಡಿದೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನನ್ನೇ ಬೈದುಕೊಂಡಿದ್ದೆ. ನಿಜಕ್ಕೂ ನೆಲವೇ ಡೊಂಕಾಗಿತ್ತು.

ಅಕ್ಕನ ಮಷೀನಿಗೆ ಹೊಸಬಳನ್ನು ಹಾಕಿದ್ದೇನೆ. ಮೂವತ್ತು ವರ್ಷದವಳು, ಕೈ ಶುದ್ಧವಾಗಿದೆ, ಮಾತು ಜಾಸ್ತಿ.

ಮೇ ೧೯

ಹೊಸಬಳು ಬಿಟ್ಟುಹೋದಳು. ಮಧ್ಯಾಹ್ನ ಅವಳ ಹೊಲಿಗೆ ನೋಡಲು ಹಿಂದೆ ಹೋಗಿ ನಿಂತೆ, ಒಂದು ಮಾರು ದೂರದಲ್ಲಿ. ಅವಳು ಬಲಭುಜ ಕೊಡವಿಕೊಂಡಳು. ಮತ್ತೆ ಕೊಡವಿಕೊಂಡಳು. ಮೂರನೇ ಸಲ ತಿರುಗಿ ನೋಡಿ ಬಿಳಿಚಿಕೊಂಡಳು.

"ಈಗ ನನ್ನ ಭುಜದ ಮೇಲೆ ಕೈ ಇಟ್ರಾ?"

"ಯಾವ ಕೈ ಇಡ್ಲಿ?" ಅಂದೆ, ಜೋಲಿ ತೋರಿಸಿ.

"ತಮಾಷೆ ಬೇಡಿ. ಯಾರೋ ಹಿಡ್ಕೊಂಡ್ರು. ಬಿಗಿಯಾಗಿ."

ಅವಳ ಮೇಲೆ ಸಿಟ್ಟು ಬಂತು. ಅವಳ ಭುಜವನ್ನು ನಾನು ಹಿಡಿದಿರಲಿಲ್ಲ. ಆ ಕುರ್ಚಿಯಲ್ಲಿ ಆಗಲೇ ಒಬ್ಬಳಿದ್ದಾಳೆ, ಅವಳ ಮೇಲೆ ಹೋಗಿ ಕೂತವಳು ಇವಳು.

ಜೂನ್ ೨೭

ಬರೆಯಲು ಏನಿಲ್ಲ. ನಾವು ಚೆನ್ನಾಗಿದ್ದೇವೆ. ಅಮ್ಮನಿಗೆ ಬಾಗಿಲಲ್ಲಿ ನಾನು ಒಂದು ಗಳಿಗೆ ನಿಂತು ಹೋಗುವುದು ಯಾಕೆ ಅಂತ ಅರ್ಥವಾಗುವುದಿಲ್ಲ. ಮುಂದಿರುವವರು ಮೊದಲು ದಾಟಬೇಡವೇ?

ಜುಲೈ ೧೭

ಕೈ ಎದ್ದಿತು!

ಕಪಾಟಿನಿಂದ ಹಳೇ ಉಣ್ಣೆಬಟ್ಟೆ ಎಳೆದೆ, ಧೂಳಿಗೆ ಸೀನು ಬಂತು. ಜೋಲಿಯೊಳಗೆ ಮುಂಗೈ ಚಂಗನೆ ಮೇಲಕ್ಕೆ ಹಾರಿ ಬಿತ್ತು. ಬೇಕೆಂದೇ ಕೆಮ್ಮಿದೆ. ಮತ್ತೆ ಎದ್ದಿತು. ಅಯ್ಯೋ, ಕುಣಿಯಬೇಕು ಅನಿಸಿತು. ಅಮ್ಮನನ್ನು ಕೂಗಲು ಬಾಯಿ ತೆರೆದೆ.

ಕೂಗಲಿಲ್ಲ. ಮೊಣಕೈ ಮಡಚಿದಾಗ ಕೈಯಲ್ಲಿದ್ದ ಭುಜವೂ ನನ್ನ ಕಡೆ ಎಳೆದುಬಂತು. ಅಕ್ಕ ಹಿಂದಕ್ಕೆ ವಾಲಿದಳು. ಕತ್ತು ತಿರುಗತೊಡಗಿತು. ಕೂದಲು ನನ್ನ ಗೆಣ್ಣಿಗೆ ತಾಗಿತು.

ಜುಲೈ ೧೮

ಚಹಾ ನೆತ್ತಿಗೇರಿ ಕೆಮ್ಮಿದೆ. ಇನ್ನಷ್ಟು ತಿರುಗಿದಳು. ಈ ಸಲ ಗೆಣ್ಣಿಗೆ ತಾಗಿದ್ದು ಕಿವಿಯೋಲೆ. ಭುಜ ಬೆಚ್ಚಗಿದೆ, ಓಲೆ ಮಂಜುಗಡ್ಡೆ.

ಇನ್ನು ಕೆಮ್ಮಬಾರದು.

ಆಗಸ್ಟ್ ೧೨

ಉಸಿರನ್ನು ಗಂಟಲಲ್ಲೇ ತಿರುಗಿಸುವುದು ಕಲಿತಿದ್ದೇನೆ. ಕಷ್ಟವಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ಮೂರು ಕಡೆ ನಿಲ್ಲಬೇಕು. ನಗಬಾರದು, ಆಕಳಿಸಬಾರದು, ಜೋರಾಗಿ ಮಾತಾಡಬಾರದು. ನಾನು ಮೆತ್ತಗಾಗಿದ್ದೇನೆ ಅಂತ ಅಕ್ಕಪಕ್ಕದವರು ಹೊಗಳುತ್ತಾರೆ! ಮೇಡಂ "ಉಸಿರು ತುಂಬ್ಕೊಳ್ಳಿ, ಎತ್ತಿ, ಉಸಿರು ತುಂಬ್ಕೊಳ್ಳಿ, ಎತ್ತಿ" ಅನ್ನುತ್ತಾರೆ. ನಾನು ಕೆನ್ನೆ ಉಬ್ಬಿಸಿ ತೋರಿಸುತ್ತೇನೆ.

ಅಮ್ಮನಿಗೆ ಮೋಸ ಮಾಡುವುದು ಕಷ್ಟ. "ಯಾಕೇ, ಗುಬ್ಬಚ್ಚಿ ಹಾಗೆ ಉಸಿರಾಡ್ತೀಯ? ತುಟಿ ನೀಲಿ ಆಗಿದೆ" ಅಂದಳು. "ಹೊಸ ಕಸರತ್ತು ಅಮ್ಮ" ಅಂದೆ.

ಆಗಸ್ಟ್ ೩೦

ಬರೆದುಬಿಡುತ್ತೇನೆ. ಯಾರೂ ಓದುವುದಿಲ್ಲವಲ್ಲ.

ನವೆಂಬರಿನ ಆ ದಿನ ಹೋಟೆಲಿನ ಬಾಗಿಲು ಕಾಯುವವನಿಗೊಂದು ನೀಲಿ ಕೋಟು. ಮರುದಿನ ಬೆಳಿಗ್ಗೆಗೆ ಕೊಡಬೇಕಿತ್ತು. ತೋಳು ಒಂದೊಂದಾಗಿ ಕತ್ತರಿಸುವಾಗ ಎರಡನೆಯದಕ್ಕೆ ಮಾದರಿ ಕಾಗದವನ್ನು ಮಗುಚಿ ಹಾಕಬೇಕು. ನಿನ್ನೆ ಮೊನ್ನೆ ಕಲಿತವಳೂ ಮರೆಯುವುದಿಲ್ಲ. ನಾನು ಮರೆತೆ. ಎರಡೂ ಎಡತೋಳಾಯಿತು. ಬಟ್ಟೆ ಮುಗಿದಿತ್ತು. ನಾನು ತಲೆ ಚಚ್ಚಿಕೊಂಡರೆ ಅಕ್ಕ ನಕ್ಕು, "ನಡಿಯೇ, ಬಟ್ಟೆ ಅಂಗಡಿ ಮುಚ್ಚೋದ್ರೊಳಗೆ ಒಂದು ಮೀಟರ್ ತರೋಣ" ಅಂತ ಸ್ಕೂಟರ್ ತೆಗೆದಳು.

ಅರ್ಧ ದಾರಿಯಲ್ಲಿ ನೆನಪಾಯಿತು: ಕೋಟಿನ ಬಟ್ಟೆಯ ತುಂಡು ಮೇಜಿನ ಮೇಲೇ ಇದೆ. ಅದಿಲ್ಲದೆ ನೀಲಿಗೆ ನೀಲಿ ಹೊಂದುವುದಿಲ್ಲ. "ನಿಲ್ಸು" ಅಂದೆ, ಗಾಳಿಗೆ ಅವಳಿಗೆ ಕೇಳಿಸಲಿಲ್ಲ. ಭುಜ ಹಿಡಿದು ಎಳೆದೆ. ನನಗೆ ಯಾವಾಗಲೂ ಅವಸರ. ಅವಳು "ಏನೇ?" ಎಂದು ತಿರುಗಿದಳು. ಆಗ ನಿಂತಿತು ಲಾರಿ.

ಎಳೆಯುವ ಮೊದಲಿನ ಭುಜ ಇದು, ನನ್ನ ಕೈಯಲ್ಲಿರುವುದು. ಇನ್ನೂ ಏನೂ ಆಗಿಲ್ಲ. ನಾನು ಎಳೆಯದಿದ್ದರೆ ಅವಳು ತಿರುಗುವುದಿಲ್ಲ. ತಿರುಗದಿದ್ದರೆ ಏನೂ ಆಗುವುದಿಲ್ಲ. ಇಷ್ಟು ಸುಲಭದ ಮಾತು ಆ ಡಾಕ್ಟರಿಗೆ ಹೇಗೆ ಹೇಳಲಿ?

ಸೆಪ್ಟೆಂಬರ್ ೨೩

ಅಮ್ಮನೂ ಬಂದಿದ್ದಳು. ನರದ ಡಾಕ್ಟರು ತೋಳಿಗೆ ಸೂಜಿ ಚುಚ್ಚಿ ಯಂತ್ರದಲ್ಲಿ ನೋಡಿದರು. ಹುಬ್ಬು ಗಂಟಾಯಿತು.

"ನರ ಬಂದು ಬಾಗಿಲಲ್ಲಿ ನಿಂತಿದೆ. ನೀವೇ ಕದ ತೆಗೀತಿಲ್ಲ. ನಿಮಗೆ ಈ ಕೈ ಬೇಕೋ ಬೇಡ್ವೋ?"

ನಾನು ಜೋಲಿ ಸರಿಮಾಡಿಕೊಂಡೆ.

"ಕೆಲಸ ಕೊಡದಿದ್ರೆ ಈ ಸ್ನಾಯು ಒಣಗಿಹೋಗುತ್ತೆ. ಆಮೇಲೆ ನಾನಲ್ಲ, ಯಾರೂ ಏನೂ ಮಾಡೋಕಾಗಲ್ಲ. ಒಂದು ತಿಂಗಳು ನೋಡ್ತೀನಿ."

ದಾರಿಯುದ್ದಕ್ಕೂ ಅಮ್ಮ ನನ್ನ ಎದೆಯ ಏರಿಳಿತವನ್ನೇ ನೋಡುತ್ತಿದ್ದಳು.

ಸೆಪ್ಟೆಂಬರ್ ೨೪

ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಅಂಗಡಿಯ ಕದ ತೆಗೆಯಲು ಹೋದರೆ ಅಮ್ಮ ಒಳಗಿನಿಂದ ಅಗುಳಿ ಹಾಕಿ ನನ್ನೆದುರು ಕೂತಳು. "ಯಾಕೆ ಉಸಿರು ಕದೀತಿದೀಯ? ಹೇಳು. ಇಲ್ಲಾಂದ್ರೆ ಇವತ್ತು ನಾನೂ ಏಳಲ್ಲ, ನೀನೂ ಏಳಲ್ಲ."

ಹೇಳಿದೆ. ಭುಜ, ಹೊಲಿಗೆ, ಬಸ್ಸು, ಕನ್ನಡಿ, ಓಲೆ. ಕೊನೆಗೆ ಎಳೆದದ್ದು. "ಲಾರಿದಲ್ಲಮ್ಮ ತಪ್ಪು. ನಾನು ಎಳೆದೆ" ಅಂದೆ.

"ಅದು ನಂಗೊತ್ತು ಕಣೇ," ಅಂದಳು ಅಮ್ಮ. "ಆಸ್ಪತ್ರೇಲಿ ಜ್ವರದಲ್ಲಿ ನೂರು ಸಲ ಬಡಬಡಿಸಿದೀಯ. 'ಎಳೆದೆ, ಎಳೆದೆ' ಅಂತ."

ಇಷ್ಟು ದಿನ ಗೊತ್ತಿದ್ದೂ ನನ್ನ ಮಡಿಲು ಒರೆಸಿದಳೇ, ತಲೆ ಬಾಚಿದಳೇ? ಅಳು ಬಂದುಬಿಟ್ಟಿತು. ನವೆಂಬರಿನಿಂದ ತಡೆದದ್ದು, ಹೊಟ್ಟೆಯಿಂದ ಬಿಕ್ಕಿ ಬಿಕ್ಕಿ ಬಂತು. ಒಂದೊಂದು ಬಿಕ್ಕಿಗೂ ಕೈ ಎದ್ದಿತು, ಎಳೆಯಿತು, ಎದ್ದಿತು, ಎಳೆಯಿತು. ನಿಲ್ಲಿಸಲು ಆಗಲಿಲ್ಲ. "ತಿರುಗ್ತಾಳೆ ಅಮ್ಮ, ತಿರುಗ್ತಾಳೆ, ಹಿಡ್ಕೋ!" ಎಂದು ಕಿರುಚಿದೆ.

ಬೇರೆ ಯಾರಾದರೂ ಆಗಿದ್ದರೆ "ಅಲ್ಲಿ ಯಾರೂ ಇಲ್ಲ" ಅನ್ನುತ್ತಿದ್ದರು. ಅಮ್ಮ ಎದ್ದು ಬಂದು, "ಎಲ್ಲಿ?" ಅಂದಳು.

ಎಡಗೈಯಲ್ಲಿ ತೋರಿಸಿದೆ. ಅವಳು ಖಾಲಿ ಗಾಳಿಯಲ್ಲಿ ಎಡಗೈ ಚಾಚಿ ತಡವಿದಳು. "ಇಲ್ಲಾ?"

"ಇನ್ನೂ ಸ್ವಲ್ಪ ಕೆಳಗೆ."

ಅವಳ ಅಂಗೈ ಒಂದು ಕಡೆ ನಿಂತಿತು. ಮುಖದ ಮೇಲಿನ ರಕ್ತವೆಲ್ಲ ಇಳಿಯಿತು. ಆಮೇಲೆ ಮೆಲ್ಲಗೆ, "ಬೆವರಿದಾಳೆ" ಅಂದಳು.

ಹೌದು. ಈಗ ನನಗೂ ಗೊತ್ತಾಯಿತು. ಜಾಕೆಟ್ಟಿನ ಬಟ್ಟೆ ಒದ್ದೆಯಾಗಿತ್ತು.

"ಹತ್ತು ತಿಂಗಳಾಯ್ತು, ನೀನೊಬ್ಳೇ ಹಿಡ್ಕೊಂಡಿದೀಯ," ಅಂದಳು ಅಮ್ಮ. "ನನ್ನ ಹೊಟ್ಟೇಲಿ ಹುಟ್ಟಿದವಳು. ಒಂದು ಮಾತು ನಂಗೆ ಹೇಳಬಾರದಿತ್ತಾ? ಕೊಡಿಲ್ಲಿ. ಒಂದೊಂದೇ ಬೆರಳು ಬಿಡು. ನಾನು ಹಿಡ್ಕೊಂಡಿದೀನಿ, ಬೀಳಲ್ಲ."

ಕನ್ನಡಿ ಬೇಕಾಗಲಿಲ್ಲ. ಕಿರುಬೆರಳಿನಿಂದ ಶುರುಮಾಡಿದೆ. ಬೆರಳು ಬಿಟ್ಟ ಹಾಗೆ ಉರಿ ಆರಿತು. ಹೆಬ್ಬೆರಳು ಬಿಡುವಾಗ ಮಾತ್ರ ಪ್ರಾಣ ಹೋದ ಹಾಗಾಯಿತು. ಆಮೇಲೆ ಉಸಿರು ತಾನಾಗಿ ಒಳಗೆ ನುಗ್ಗಿತು, ಎದೆ ತುಂಬ. ಕೈ ಎದ್ದು ನನ್ನ ಎದೆಗೆ ಬಂದು ತಾಗಿತು. ಬರಿಗೈ.

ಅಕ್ಟೋಬರ್ ೯

ಮೇಡಂ ಚಪ್ಪಾಳೆ ತಟ್ಟಿದರು. ಮೊಣಕೈ ಅರ್ಧಕ್ಕೆ ಮಡಚುತ್ತದೆ, ಆರು ಎಣಿಸುವವರೆಗೆ ನಿಲ್ಲುತ್ತದೆ. "ಏನು ಮಾಡಿದ್ರಿ?" ಅಂತ ಕೇಳಿದರು. "ಉಸಿರಾಡಿದೆ" ಅಂದೆ. ಬಲತೋಳು ಊರಿ ಎಡಗೈಯಲ್ಲಿ ಒಂದು ಷರ್ಟಿನ ಬೆನ್ನು ಕತ್ತರಿಸಿದೆ. ನೇರವಾಗಿ ಬಂತು. ಉರಿ ಇಲ್ಲ. ಇಷ್ಟು ಉದ್ದ ಬರೆದರೂ ಎಡಗೈ ಸೋತಿಲ್ಲ. ಎಲ್ಲ ಒಳ್ಳೆಯದಾಗುತ್ತಿದೆ.

ಅಮ್ಮ ಎಲ್ಲ ಕೆಲಸವನ್ನೂ ಒಂದೇ ಕೈಯಲ್ಲಿ ಮಾಡುತ್ತಾಳೆ. ಆಲೂಗಡ್ಡೆಯನ್ನು ಮೊಣಕಾಲ ಸಂದಿಯಲ್ಲಿಟ್ಟು ಸುಲಿಯುತ್ತಾಳೆ. ಎಡಗೈ ಮುಂದಕ್ಕೆ ಚಾಚಿಯೇ ಇರುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಆಮೇಲೆ ಒಳಗೆ ಹೋಗುತ್ತಾಳೆ. ನಾನೇ ತಟ್ಟೆ ತೊಳೆಯುತ್ತೇನೆ ಅಂದರೆ, "ನಿನ್ನ ಕೈ ಮೊದಲು ನೋಡ್ಕೋ" ಅನ್ನುತ್ತಾಳೆ.

ಇವತ್ತು ಅವಳ ಬೆರಳ ತುದಿಗಳನ್ನು ನೋಡಿದೆ. ಬೆಳ್ಳಗಾಗಿವೆ. ಹತ್ತಿರ ಹೋಗಿ ಕೇಳಿದೆ.

"ಉರಿಯುತ್ತಾ, ಅಮ್ಮಾ?"

"ಉರಿಯುತ್ತೆ."

"ಹಾಗಾದ್ರೆ ಬಿಟ್ಬಿಡಮ್ಮ."

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಸುಸ್ತಾಗಿತ್ತು ಅಷ್ಟೇ. ಎಪ್ಪತ್ತು ವರ್ಷದ ಕೈ ಅದು.

"ಯಾರಿಗೆ ಕೊಡ್ಲಿ?" ಅಂದಳು.

ಉದ್ದಕ್ಕೆ ಉಸಿರೆಳೆದುಕೊಂಡೆ. ಬಲಗೈ ತಾನಾಗಿ ಎದ್ದು ಅವಳ ಕಡೆಗೆ ಹೋಯಿತು.